ಕದ ಹಾಕುವ ಹಬ್ಬ

ನಮ್ಮಲ್ಲಿ ಇದಕ್ಕೆ ಕದ ಹಾಕುವ ಹಬ್ಬ ಅಂತಾರೆ.
ನಮ್ಮಲ್ಲಿ ಅಂದರೆ, ಈ ಊರಿನಲ್ಲಿ ಈಗ ನಾನೊಬ್ಬಳೇ.
ಕೊಂಕಣದ ಕಡಲ ಬದಿಯ ಎಣ್ಣೆಗಾಣ ಬಿಟ್ಟು ಬಂದ ತಾತ,
ಚಾಂಪಿಯನ್ ರೀಫ್ಸ್‌ನಲ್ಲಿ ವೈಂಡಿಂಗ್ ಇಂಜಿನ್ ನಡೆಸಿದ ಪಪ್ಪ,
ಇಬ್ಬರೂ ಇಲ್ಲಿನ ಮಣ್ಣಿಗೇ ಸೇರಿದರು.

ನಿನ್ನೆ ಹೊತ್ತು ಮುಳುಗುವ ಮುನ್ನ
ಬಿಳಿ ಸೀರೆಯುಟ್ಟು ಅಗುಳಿ ಜಡಿದೆ.
ಹಾಲಿನ ಸೆಲ್ವಿಗೆ ಮೊದಲೇ ಹೇಳಿದ್ದೆ:
ನಾಳೆ ಬರಬೇಡ, ಕರೆದರೂ ಓಗೊಡೋದಿಲ್ಲ.
"ಗೊತ್ತು ಟೀಚರ್," ಎಂದು ನಕ್ಕಳು,
"ನಿಮ್ಮ ಮನೆ ದೇವರಿಗೆ ವರ್ಷಕ್ಕೊಂದು ದಿನ ಸಿಟ್ಟು."

ಅನ್ನವಿಲ್ಲ, ನೀರಿಲ್ಲ.
ಉಗುಳನ್ನೂ ನುಂಗಬಾರದಾ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.
"ಉಗುಳು ನಿನ್ನದೇ, ನುಂಗು," ಅಂದಿದ್ದರು ಪಪ್ಪ,
ನಗದೆ.

ಮಧ್ಯಾಹ್ನ ಓದುವುದು ಮೀನಿನ ಹೊಟ್ಟೆ ಸೇರಿದವನ ಕಥೆ.
ಪಪ್ಪನ ಪುಸ್ತಕ, ಮರಾಠಿ ಅಕ್ಷರ,
ಪುಟದಂಚಿಗೆ ಗ್ರೀಸಿನ ಹೆಬ್ಬೆರಳು.
ಅವನು ಬೆಟ್ಟಗಳ ಬುಡದವರೆಗೆ ಇಳಿದನಂತೆ.
ಈ ಊರಿಗೆ ಹೇಳಬೇಕೆ ಆ ಕಥೆ?
ದಿನಕ್ಕೆ ಮೂರು ಪಾಳಿ ಇಳಿಯುತ್ತಿದ್ದರು ಇಲ್ಲಿ.

ಶಾಫ್ಟಿನ ತಳದಿಂದ ಪಪ್ಪನಿಗೆ ಗಂಟೆ ಬರುತ್ತಿತ್ತು.
ಎರಡು ಹೊಡೆದರೆ, ಇಳಿಸು.
ಮೂರು ಹೊಡೆದರೆ, ಮನುಷ್ಯರಿದ್ದಾರೆ, ಮೆಲ್ಲಗೆ.
ಒಂದು ರಾತ್ರಿ ಪಾಳಿಯಲ್ಲಿ ಮೂರು ಹೊಡೆದದ್ದು
ಅವರ ಕಿವಿಗೆ ಎರಡಾಗಿ ಬಿತ್ತು.
ಅಥವಾ ಎರಡೇ ಹೊಡೆದಿದ್ದರೋ.
ಯಾರದೂ ತಪ್ಪಿಲ್ಲ ಎಂದಿತು ವಿಚಾರಣೆಯ ಕಾಗದ.
ಆ ಕಾಗದವನ್ನು ಪಪ್ಪ ನಂಬಲಿಲ್ಲ.
ಪ್ರತಿ ವರ್ಷ ಈ ದಿನ, ಮುಷ್ಟಿಯಿಂದ ಎದೆ ತಟ್ಟಿಕೊಳ್ಳುವಾಗ
ಹೀಬ್ರೂ ಪ್ರಾರ್ಥನೆಯ ನಡುವೆ ಒಂದು ತಮಿಳು ಹೆಸರು:
ಮುನಿವೇಲು.

ದೇವರಿಗೆ ಮಾಡಿದ್ದನ್ನು ದೇವರು ಕ್ಷಮಿಸಿಯಾನು,
ಮನುಷ್ಯನಿಗೆ ಮಾಡಿದ್ದಕ್ಕೆ ಮನುಷ್ಯನೇ ಬೇಕು.
ಹೆಂಡತಿ ಕೂಸನ್ನೆತ್ತಿಕೊಂಡು ತಿರುಪ್ಪತ್ತೂರ ಕಡೆ ಹೋದಳಂತೆ.
ಪಪ್ಪ ಎರಡು ಸಲ ರೈಲು ಹತ್ತಿ ಹುಡುಕಿ
ಬರಿಗೈಲಿ ಬಂದರು.
ಪುಸ್ತಕದ ಜೊತೆ ಆ ಹೆಸರೂ ನನ್ನ ಪಾಲಿಗೆ ಬಂತು.

ಐದಕ್ಕೆ ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಿತು,
ಕಿಟಕಿ ಸರಳಿಗೆ ಬೂದಿಬಣ್ಣದ ಪುಡಿ.
ಹಿಂದೆಯೇ ಮೋಡ.
ಮೂರು ನಕ್ಷತ್ರ ಕಂಡ ಮೇಲೇ ನೀರು ಮುಟ್ಟಬೇಕು.
ಠಾಣೆಯ ಅತ್ತೆ ಫೋನಿನಲ್ಲಿ ಸಮಯ ಹೇಳಿದ್ದಾಳೆ,
ಆದರೆ ಅದು ಠಾಣೆಯ ಆಕಾಶ.
ನಮ್ಮ ಕೋಲಾರದಲ್ಲಿ ಸೂರ್ಯ ಬೇಗ ಪಾಳಿ ಮುಗಿಸುತ್ತಾನೆ.
ಹಿತ್ತಲ ಕಿಟಕಿಯಲ್ಲಿ ಕತ್ತೆತ್ತಿ ನಿಂತೆ.
ಒಂದು. ಅದು ಮೊಬೈಲ್ ಟವರಿನ ದೀಪ.
ಎಣಿಕೆಗೆ ಹಿಡಿಯಲಿಲ್ಲ.
ಕಾಲು ಸೋತು ಕೂತೆ. ಎದೆಗೆ ಮುಷ್ಟಿ ತಾಗಿಸಿ
ಈ ವರ್ಷಕ್ಕೆ ಕೊನೆಯ ಸಲ ಹೇಳಿದೆ: ಮುನಿವೇಲು.

ಟಕ್. ಟಕ್. ಟಕ್.

ಸೆಲ್ವಿಯಾದರೆ ಕೂಗುತ್ತಾಳೆ.
ಇದು ಬರೀ ಮೂರು, ಅಳೆದಂಥ ಮೂರು,
ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ.
"ವೈಂಡರ್ ಸಾರ್ ಮನೆ ಇದೇನಾ?
ನಮ್ಮ ತಾತ ಮೈನ್ಸಲ್ಲಿದ್ರು, ಕಾಗದ ಒಂದೂ ಉಳಿದಿಲ್ಲ.
ಕ್ವಾರ್ಟರ್ಸ್ ವಿಷಯ. ಅವರನ್ನ ಕಂಡಿದ್ದೋರು ಯಾರಾದ್ರೂ ಇದ್ರೆ
ಬರೆಸ್ಕೊಂಡು ಬಾ ಅಂದ್ರು ಆಫೀಸಲ್ಲಿ.
ಹೆಸರು ಮುನಿವೇಲು."

ಆಕಾಶ ಮುಚ್ಚಿಯೇ ಇತ್ತು.
ನನ್ನ ಕೈ ಅಗುಳಿಯ ಮೇಲೆ.
ಕೇಳಿಸಿದ್ದು ಎರಡೋ ಮೂರೋ, ಕೇಳಿಸಿತೋ ಇಲ್ಲವೋ
ಎನ್ನುವಷ್ಟರಲ್ಲಿ ಮತ್ತೆ ಬಡಿದ.
ಮೂರೇ.

ತೆಗೆದೆ.
ಇಪ್ಪತ್ತೈದರ ಹುಡುಗ, ಅಳಿಸಿದ ವಿಭೂತಿ,
ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು.
ನನ್ನ ಬಿಳಿ ಸೀರೆ, ಒಣಗಿದ ತುಟಿ ಕಂಡು ಹಿಂದೆ ಸರಿದ:
"ಸಾವಿನ ಮನೆಯಾ? ಗೊತ್ತಾಗಲಿಲ್ಲ. ಕ್ಷಮಿಸಿಬಿಡಿ ಅಮ್ಮಾ."

ಅವನು. ನನಗೆ.

ವರ್ಷಗಟ್ಟಲೆ ಉರು ಹೊಡೆದ ಮಾತು ಗಂಟಲಿಗೆ ಅಂಟಿತ್ತು.
"ನೀರು ಕುಡೀತೀಯಾ?" ಅಂದೆ.

ಎರಡು ಲೋಟ ತಂದೆ.
ಎತ್ತಿ ಕುಡಿದ, ಬಸ್ಸಿನ ಧೂಳು ಕುಡಿದು ಬಂದವನು.
ಅವನ ಗಂಟಲ ಗಂಟು ಇಳಿದು, ಏರಿ,
ಮತ್ತೆ ಇಳಿಯುವುದನ್ನು ನೋಡುತ್ತ ನಿಂತೆ.
ಮೆಲ್ಲಗೆ, ಎಂದೆ,
ಮೆಲ್ಲಗೆ ಕುಡಿ, ನೆತ್ತಿಗೇರುತ್ತೆ.
ಕೂತುಕೋ. ಹೇಳುವುದೊಂದಿದೆ.
ಬರೆದುಕೊಡುವುದು ಆಮೇಲೆ.

ನನ್ನ ಲೋಟ ಕೈಯಲ್ಲೇ ಇತ್ತು, ತುಂಬಿದ ಹಾಗೇ.